ಹತ್ತಿ ಸುತ್ತಿದ ಗಾಯ

ಹತ್ತಿ ಉರಿಯುವಾಗ ಸದ್ದಾಗುವುದಿಲ್ಲ. ಸೌದೆಯಾದರೆ ಚಟಪಟ ಅನ್ನುತ್ತದೆ, ತೆಂಗಿನ ಗರಿಯಾದರೆ ಭುಸ್ ಅನ್ನುತ್ತದೆ. ಹತ್ತಿ ಸುಮ್ಮನೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಆ ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ನನಗೆ ಏನೂ ತಿಳಿಯಲಿಲ್ಲ. ಹಿಂದಿನ ಶೆಡ್ಡಿನಲ್ಲಿ ಯಂತ್ರ ನಿಂತಿತು. ಕರೆಂಟ್ ಹೋಯಿತೇನೋ ಅಂದುಕೊಂಡೆ. ಆಮೇಲೆ ನನ್ನ ಗಂಡ ಕೂಗಿದ್ದು ಕೇಳಿಸಿತು.

ಅರಸೀಕೆರೆಯಲ್ಲಿ ನಮ್ಮದು ಹಾಸಿಗೆ ಅಂಗಡಿ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಹತ್ತಿ ಹಿಂಜುವ ಶೆಡ್ಡು. ನಾವು ಪಿಂಜಾರರು. ಮನೆಯಲ್ಲಿ ಮಾತಾಡುವುದು ಕನ್ನಡ, ಪ್ರಾರ್ಥನೆಗೆ ಹೋಗುವುದು ಮಸೀದಿಗೆ. ಊರಿನವರಿಗೆ ನಾವು ಸಾಬರು, ಉರ್ದು ಮಾತಾಡುವ ಸಾಬರಿಗೆ ನಾವು ಪಿಂಜಾರರು. ಎರಡೂ ಕಡೆಯವರು ಮಲಗುವುದು ಮಾತ್ರ ನಾವು ಹೊಲಿದ ಹಾಸಿಗೆಯ ಮೇಲೆ.

ಹಳೇ ಹಾಸಿಗೆ ಬಿಚ್ಚಿ, ಗಂಟು ಗಂಟಾದ ಹತ್ತಿಯನ್ನು ಯಂತ್ರಕ್ಕೆ ಕೊಟ್ಟರೆ ಅದು ಬಿಡಿಬಿಡಿಯಾಗಿ ಹೊರಗೆ ಬೀಳುತ್ತದೆ. ಕೊಡುವ ಮುಂಚೆ ಕೈಯಾಡಿಸಿ ನೋಡಬೇಕು. ಜನರ ಹಾಸಿಗೆಯೊಳಗೆ ಏನೆಲ್ಲ ಇರುತ್ತದೆ ಅಂತ ನಮ್ಮನ್ನು ಕೇಳಿ. ಪಿನ್ನು, ಸೂಜಿ, ತಲೆಯ ಕ್ಲಿಪ್ಪು, ಮಕ್ಕಳು ತೂರಿಸಿಟ್ಟ ಕಾಸು. ಕಬ್ಬಿಣ ಹೋಗಿ ಯಂತ್ರದ ಹಲ್ಲಿಗೆ ತಗುಲಿದರೆ ಕಿಡಿ ಏಳುತ್ತದೆ. ಅವತ್ತು ಬಂದಿದ್ದು ಮಾದಿಹಳ್ಳಿಯ ಒಂದು ಮದುವೆ ಮನೆಯ ಹಾಸಿಗೆ. ನನ್ನ ಗಂಡ ಕೈಯಾಡಿಸಿ ನೋಡಿಯೇ ಯಂತ್ರಕ್ಕೆ ಕೊಟ್ಟಿದ್ದರು. ಆದರೂ ಏನೋ ಒಂದು ಉಳಿದಿತ್ತು. ಅದೇನು ಅಂತ ಇವತ್ತಿಗೂ ಗೊತ್ತಿಲ್ಲ.

ನನ್ನ ಮಗಳು ಅಲ್ಫಿಯಾ ಹಿಂಜಿದ ಹತ್ತಿಯ ಗುಡ್ಡೆಯಲ್ಲಿ ಹೂತುಕೊಂಡು ಮಲಗಿದ್ದಳು. ರಜದ ದಿನ ನಮ್ಮ ಮನೆಗಳ ಮಕ್ಕಳ ಆಟವೇ ಅದು. ಅವಳ ಅಪ್ಪನೂ ಆಡಿದ್ದು ಅದನ್ನೇ.

ಅವರು ಬರಿಗೈಯಲ್ಲಿ ಅವಳನ್ನು ಎಳೆದು ಹೊರಗೆ ಹಾಕಿದರು. ಅವಳ ಎಡಗೈ, ಭುಜ, ಕುತ್ತಿಗೆ, ಕಿವಿಯ ಕೆಳಗಿನ ಕೆನ್ನೆ ಸುಟ್ಟಿದ್ದವು. ಮೂರನೇ ಕ್ಲಾಸಿನ ಹುಡುಗಿ. ಅಳುತ್ತಿರಲಿಲ್ಲ, ಗಡಗಡ ನಡುಗುತ್ತಿದ್ದಳು.

ಅಕ್ಕಪಕ್ಕದವರು ಓಡಿಬಂದು ನೀರು ಸುರಿದು ಬೆಂಕಿ ಆರಿಸಿದರು. ಒಬ್ಬರು ಟೂತ್‌ಪೇಸ್ಟ್ ಅಂದರು, ಇನ್ನೊಬ್ಬರು ಇಂಕು ಅಂದರು. ನಮ್ಮತ್ತೆ ಇಮಾಂಬಿ ಎಲ್ಲರನ್ನೂ ತಳ್ಳಿದರು.

"ಯಾರೂ ಏನೂ ಹಚ್ಬೇಡ್ರಿ. ದೂರ ನಿಂತ್ಕಳಿ."

ಒಳಗೆ ಹೋಗಿ ಹೊಸ ಹತ್ತಿ ತಂದರು. ಮದುವೆ ಹಾಸಿಗೆಗೆ ಅಂತ ಎತ್ತಿಟ್ಟಿದ್ದು, ಬೆಳ್ಳಗಿನದು, ಒಂದು ಕಸವಿಲ್ಲದ್ದು. ಮೊಮ್ಮಗಳ ಕುತ್ತಿಗೆಗೂ ಕೈಗೂ ದಪ್ಪಗೆ ಸುತ್ತಿದರು. "ಮೆತ್ತಗಿರ್ಲಿ ಮಗೀಗೆ. ಆಸ್ಪತ್ರೆ ಗಂಟ ಗಾಳಿ ತಾಕ್ದಂಗೆ ಇರ್ಲಿ" ಅಂದರು. ನೋಡಿ ನನಗೂ ಸಮಾಧಾನವಾಯಿತು.

ಅರಸೀಕೆರೆಯ ಆಸ್ಪತ್ರೆಯವರು ಡ್ರಿಪ್ ಹಾಕಿ ಆಂಬುಲೆನ್ಸ್‌ನಲ್ಲಿ ಹಾಸನಕ್ಕೆ ಕಳಿಸಿದರು. ಅಲ್ಲಿ ನೋಡಿದ್ದು ಒಬ್ಬ ಲೇಡಿ ಡಾಕ್ಟರ್, ಚಿಕ್ಕ ವಯಸ್ಸಿನವರು. ಹತ್ತಿಯ ಅಂಚು ಹಿಡಿದು ಮೆಲ್ಲಗೆ ಎತ್ತಿ ನೋಡಿದರು. ಬರಲಿಲ್ಲ. ಒಳಗೆ ಕಚ್ಚಿಕೊಂಡಿತ್ತು.

"ಇದನ್ನ ಸುತ್ತಿದ್ದು ಯಾರಮ್ಮ?"

"ನಮ್ಮತ್ತೆ ಮೇಡಂ."

"ಯಾಕೆ?"

"ನಮ್ಮನೇಲಿ ಇದಕ್ಕಿಂತ ಮೆತ್ತಗಿರೋದು ಬೇರೇನಿಲ್ಲ ಮೇಡಂ."

ಅವರು ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸಲೈನ್ ಸುರಿದು ನೆನೆಸಿ ನೆನೆಸಿ ತೆಗೆದರು. ದೊಡ್ಡ ಪದರ ಬಂದ ಮೇಲೆ ಎಳೆಗಳು ಉಳಿದವು. ಸಿಸ್ಟರ್ ಒಬ್ಬರು ಚಿಮಟದಲ್ಲಿ ಒಂದೊಂದೇ ಎಳೆ ಹಿಡಿದು ಬಿಡಿಸಿದರು. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು, ಆದರೂ ಅಲ್ಫಿಯಾ ಆಗ ಕೂಗಿದ್ದನ್ನು ನಾನು ಬರೆಯಲಾರೆ. ಅತ್ತೆ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ಅವರಿಗೆ ಎಲ್ಲವೂ ಕೇಳಿಸುತ್ತಿತ್ತು. ಕೂಗೆಲ್ಲ ಮುಗಿದ ಮೇಲೆ ಬಾಗಿಲ ಹತ್ತಿರ ಬಂದು ಇಣುಕಿದರು.

"ಅಜ್ಜಿ ಬೇಡ," ಅಂದಳು ನನ್ನ ಮಗಳು.

ಆಸ್ಪತ್ರೆಯ ದಿನಗಳು ನನಗೆ ಸಾಲಾಗಿ ನೆನಪಿಲ್ಲ. ಜ್ವರ ಬಂತು. ಇನ್‌ಫೆಕ್ಷನ್ ಅಂದರು. ತೊಡೆಯಿಂದ ಚರ್ಮ ತೆಗೆದು ಕುತ್ತಿಗೆಗೆ ಹಾಕಿದರು, ಅದಕ್ಕೆ ಗ್ರಾಫ್ಟಿಂಗ್ ಅನ್ನುತ್ತಾರೆ. ಹೀಗೆ ಒಂದು ಕಡೆ ಸುಟ್ಟಿದ್ದ ಮಗುವಿಗೆ ಎರಡು ಕಡೆ ಗಾಯವಾಯಿತು. ಡ್ರೆಸ್ಸಿಂಗ್ ಟ್ರಾಲಿಯ ಚಕ್ರದ ಸದ್ದು ಕಾರಿಡಾರಿನ ಆ ತುದಿಯಲ್ಲಿ ಕೇಳಿದರೆ ಸಾಕು, ಅವಳಿಗೆ ಹಾಸಿಗೆಯಲ್ಲೇ ಉಚ್ಚೆ ಹೋಗುತ್ತಿತ್ತು. ಸಿಸ್ಟರ್‌ಗಳು ಹತ್ತಿ ಮುಟ್ಟಿದ್ದು ಕಂಡರೆ ಕಿರುಚುತ್ತಿದ್ದಳು. ಅತ್ತೆ ದಿನಾ ಟಿಫನ್ ಕ್ಯಾರಿಯರ್ ಹಿಡಿದು ಬಂದು, ವಾರ್ಡಿನ ಹೊರಗೆ ನನ್ನ ಕೈಗೆ ಕೊಟ್ಟು, ಬಂದ ಬಸ್ಸಿನಲ್ಲೇ ವಾಪಸು ಹೋಗುತ್ತಿದ್ದರು. "ಉಂಡ್ಲಾ?" ಅಂತ ಒಂದು ಮಾತು ಕೇಳುತ್ತಿದ್ದರು, ಅಷ್ಟೇ.

ಡಿಸ್ಚಾರ್ಜ್ ಆಗಿ ಮನೆಗೆ ಬಂದದ್ದು ಮಧ್ಯಾಹ್ನ. ಅತ್ತೆ ನಡುಮನೆಯಲ್ಲಿ ಹೊಸ ಹಾಸಿಗೆ ಹಾಸಿ, ಮೇಲೆ ಹೂವಿನ ಬೆಡ್‌ಶೀಟ್ ಎಳೆದು ಕಾಯುತ್ತಿದ್ದರು. ಅಲ್ಫಿಯಾ ಹೊಸಿಲ ಮೇಲೆ ನಿಂತುಬಿಟ್ಟಳು. ಒಳಗೆ ಬರಲೊಲ್ಲಳು. ಅತ್ತೆ ಹಾಸಿಗೆ ಸುತ್ತಿ ಹೊತ್ತುಕೊಂಡು ಹಿಂದಕ್ಕೆ ಹೋದರು. ಅವತ್ತಿನಿಂದ ಹಾಸಿಗೆ ಹೊಲಿಯುವವರ ಮನೆಯ ಮಗಳು ಚಾಪೆಯ ಮೇಲೆ ಮಲಗುತ್ತಾಳೆ.

ಮಾದಿಹಳ್ಳಿಯವರು ಹಾಸಿಗೆ ಬೇಡವೆಂದು ಹೇಳಿಕಳಿಸಿದರು. ಬೆಂಕಿ ಬಿದ್ದ ಮನೆಯ ಹಾಸಿಗೆ ಮದುವೆಗೆ ಆಗಿಬರುವುದಿಲ್ಲವಂತೆ. ಬೆಂಕಿ ಬಂದದ್ದು ಯಾರ ಹಾಸಿಗೆಯಿಂದ ಅಂತ ಕೇಳಬೇಕು ಅನ್ನಿಸಿತು. ಊರಿನ ಮದುವೆ ಮನೆಗಳವರೂ ಒಬ್ಬೊಬ್ಬರಾಗಿ ಬೇರೆ ಅಂಗಡಿಗೆ ಹೋದರು. ನನ್ನ ಗಂಡ ಯಂತ್ರವನ್ನು ಲಗೇಜ್ ಆಟೋಗೆ ಏರಿಸಿಕೊಂಡು ಬೇಲೂರು ದಾಟಿ ಅರೇಹಳ್ಳಿ ಕಡೆ ಹಳ್ಳಿ ತಿರುಗಲು ಶುರುಮಾಡಿದರು. ಅಲ್ಲಿ ಯಾರಿಗೂ ನಮ್ಮ ವಿಷಯ ಗೊತ್ತಿಲ್ಲ.

ಗಾಯ ಮಾಯುತ್ತಾ ಬಂತು. ಮಾಯುವುದೇ ಇನ್ನೊಂದು ಕಾಯಿಲೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೊಸ ಚರ್ಮ ದಪ್ಪಗಾಗಿ, ಬಿಗಿದುಕೊಂಡು, ಗಲ್ಲವನ್ನು ಭುಜದ ಕಡೆಗೆ ಎಳೆಯತೊಡಗಿತು. ಡಾಕ್ಟರ್ ಇದಕ್ಕೆ ಕಾಂಟ್ರಾಕ್ಚರ್ ಅಂದರು. ಪ್ರೆಷರ್ ಗಾರ್ಮೆಂಟ್ ಅಂತ ಬಿಗಿಯಾದ ಒಂದು ಪಟ್ಟಿಯನ್ನು ಕುತ್ತಿಗೆಗೆ, ಅಂಥದ್ದೇ ಒಂದು ತೋಳುಚೀಲವನ್ನು ಕೈಗೆ ಕೊಟ್ಟರು. ಸ್ನಾನ ಬಿಟ್ಟರೆ ಸದಾ ಹಾಕಿರಬೇಕು. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಬೇಕು, ತಲೆ ಎತ್ತಿಸಿ ವ್ಯಾಯಾಮ ಮಾಡಿಸಬೇಕು.

ಹೀಗೆ ಪಟ್ಟಿ ಹಾಕಿಸಿಯೇ ಶಾಲೆಗೆ ಕಳಿಸಿದೆ. ಅದರ ಮೇಲೆ ನನ್ನದೊಂದು ದುಪಟ್ಟಾ ಸುತ್ತಿಕೊಂಡು ಹೊರಟಳು. ಕನ್ನಡಿಯಲ್ಲಿ ನೋಡಿಕೊಂಡ ಮೇಲೆ ತಾನೇ ಹುಡುಕಿಕೊಂಡದ್ದು ಅದು. ಎರಡನೇ ವಾರಕ್ಕೆ ಹೆಡ್‌ಮಾಸ್ಟರ್ ಹೇಳಿಕಳಿಸಿದರು. ಒಳ್ಳೆಯವರೇ. ಕುರ್ಚಿ ಕೊಟ್ಟು ಕೂರಿಸಿದರು.

"ದುಪಟ್ಟಾ ಬೇಡಮ್ಮ. ಯಾರೋ ಪೇರೆಂಟ್ಸ್ ಕೇಳಿದ್ರು, ಇದೇನ್ಸಾರ್ ನಿಮ್ಮ ಸ್ಕೂಲಲ್ಲೂ ಶುರುವಾಯ್ತಾ ಅಂತ."

"ಏನು ಶುರುವಾಗಿದ್ದು ಸಾರ್? ಮಗು ಗಾಯ ಮುಚ್ಕೊಂಡಿದೆ."

"ನಂಗೊತ್ತಿಲ್ವಾ? ನಾಳೆ ಯಾರಾದ್ರೂ ಫೋಟೋ ತೆಗ್ದು ಮೊಬೈಲಲ್ಲಿ ಹಾಕಿದ್ರೆ ಅವರಿಗೆ ಗಾಯ ಕಾಣ್ಸಲ್ಲಮ್ಮ, ದುಪಟ್ಟಾ ಕಾಣ್ಸುತ್ತೆ. ಆಸ್ಪತ್ರೆ ಪಟ್ಟಿ ಇರ್ಲಿ. ಅದಕ್ಕೆ ಯಾರಾದ್ರೂ ಏನಾದ್ರೂ ಅಂದ್ರೆ ನಾನು ನೋಡ್ಕೋತೀನಿ."

ಮನೆಗೆ ಬಂದು ಮಗಳಿಗೆ ಹೇಳಿದೆ. "ದುಪಟ್ಟಾ ಇಲ್ದಿದ್ರೆ ನಾನು ಹೋಗಲ್ಲಮ್ಮ" ಅಂದಳು. ಹೋಗಲಿಲ್ಲ.

ಅದೇ ತಿಂಗಳು ನೆಂಟರ ಮದುವೆಗೆ ಕರೆದುಕೊಂಡು ಹೋದೆ, ನಾಲ್ಕು ಜನರ ಮುಖ ನೋಡಲಿ ಅಂತ. ಉರ್ದು ಮಾತಾಡುವ ಕಡೆಯ ದೂರದ ಸಂಬಂಧಿ ಚಾಚಿಯೊಬ್ಬರು ಅವಳ ಗಲ್ಲ ಹಿಡಿಯಲು ಬಂದರು. "ಮಾಷಾ ಅಲ್ಲಾಹ್, ಇಷ್ಟು ಚಿಕ್ಕ ವಯಸ್ಸಿಗೇ ಎಷ್ಟು ಚೆನ್ನಾಗಿ ಮುಚ್ಕೊಂಡಿದ್ದಾಳೆ! ನಿಮ್ಮ ಕಡೆಯವರಿಗೂ ಬುದ್ಧಿ ಬಂತು" ಅಂದರು. ಅಲ್ಫಿಯಾ ನನ್ನ ಬೆನ್ನ ಹಿಂದೆ ಸೇರಿಕೊಂಡಳು. ಒಬ್ಬರು ಬೇಡ ಅಂದದ್ದೂ ಇನ್ನೊಬ್ಬರು ಭೇಷ್ ಅಂದದ್ದೂ ಅದೇ ಬಟ್ಟೆಗೆ. ಅದರ ಕೆಳಗಿದ್ದ ಕುತ್ತಿಗೆ ಯಾರಿಗೂ ಬೇಕಿರಲಿಲ್ಲ. ಊಟ ಮಾಡದೆ ಬಂದೆವು. ಬಸ್ಸಿನಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದೆ. ಮಗಳು ಕಿಟಕಿಯ ಕಡೆ ತಿರುಗಿಕೊಂಡಿದ್ದಳು.

ಮುಂದಿನ ಸಲ ಹಾಸನಕ್ಕೆ ಹೋದಾಗ ಫಿಸಿಯೋಥೆರಪಿಯವರು ಅವಳ ಗಲ್ಲದ ಕೆಳಗೆ ಬೆರಳಿಟ್ಟು ಎತ್ತಲು ನೋಡಿದರು. ಮೊದಲಿನಷ್ಟೂ ಏಳಲಿಲ್ಲ.

"ಇವಳು ತಲೆ ಬಗ್ಗಿಸ್ಕೊಂಡೇ ಇರ್ತಾಳಾ?"

"ಹೂಂ ಸಾರ್."

"ಮಸಾಜ್?"

ನಾನು ಎಣ್ಣೆ ಹಚ್ಚಲು ಕೂತರೆ ಅವಳು ಅಳುತ್ತಾಳೆ. ಅವಳು ಅತ್ತರೆ ನನ್ನ ಕೈ ನಿಂತುಬಿಡುತ್ತದೆ. ಅವಳ ಅಪ್ಪನಂತೂ ಅವಳ ಕುತ್ತಿಗೆ ನೋಡುವುದೇ ಇಲ್ಲ.

"ಹೀಗೇ ಬಿಟ್ರೆ ಮತ್ತೆ ಆಪರೇಷನ್ ಆಗುತ್ತಮ್ಮ. ಮತ್ತೆ ಚರ್ಮ ತೆಗೀಬೇಕಾಗುತ್ತೆ."

ಮನೆಗೆ ಬಂದು ಇದನ್ನು ಅತ್ತೆಗೆ ಹೇಳಿದೆ. ಕೋಪದಲ್ಲೇ ಹೇಳಿದೆ, ಯಾರ ಮೇಲಿನ ಕೋಪವೋ ಗೊತ್ತಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು ಸೂಜಿ, ದಾರ, ಕತ್ತರಿ ಎಲ್ಲ ಸೇರಿಸಿ ಅಂಗಡಿಯಲ್ಲಿದ್ದ ಮಗನ ಮುಂದೆ ಇಟ್ಟರು.

"ಇನ್ ನಾನು ಹತ್ತಿ ಮುಟ್ಟಲ್ಲ ಕಣಪ್ಪ. ಹೊಲ್ಯೋಕೆ ಯಾರ್ನಾದ್ರೂ ನೋಡ್ಕೋ."

ಮದುವೆಯಾಗಿ ಬಂದಾಗಿನಿಂದ ಹಾಸಿಗೆ ಹೊಲಿದ ಕೈ ಅದು.

ಮಾರನೇ ದಿನ ಅತ್ತೆ ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದುಕೊಂಡು, ಬೇರೆ ಸೀರೆ ಉಟ್ಟು, ಚಾಪೆಯಿಂದ ದೂರದಲ್ಲಿ ಕೂತರು. ಎಣ್ಣೆ ಬಟ್ಟಲು ಪಕ್ಕದಲ್ಲಿತ್ತು. ಅಲ್ಫಿಯಾ ಬಹಳ ಹೊತ್ತು ಆ ಕಡೆ ನೋಡಲಿಲ್ಲ. ಕೊನೆಗೆ, "ಕೈ ತೋರ್ಸು" ಅಂದಳು.

ಅತ್ತೆ ಎರಡೂ ಕೈ ಚಾಚಿದರು. ಇವಳು ತೆವಳಿಕೊಂಡು ಬಂದು, ಮುಟ್ಟದೆ, ಬಗ್ಗಿ ನೋಡಿದಳು. ಬೆರಳ ಸಂದು, ಉಗುರಿನ ಅಂಚು, ಸೂಜಿ ಚುಚ್ಚಿ ಒರಟಾದ ಜಾಗ. ಅಲ್ಲೊಂದು ಎಳೆ ಸಿಕ್ಕಿಕೊಂಡಿತ್ತು.

"ಐತೆ," ಅಂದಳು. ವಾಪಸು ಚಾಪೆಗೆ ಹೋದಳು.

ಅದೇ ಪರೀಕ್ಷೆ ದಿನಾ ನಡೆಯಿತು. ನಮ್ಮ ಮನೆಯ ಗಾಳಿಯಲ್ಲೇ ಹತ್ತಿ ಇದೆ, ಅದು ಎಷ್ಟು ತೊಳೆದರೆ ತಾನೇ ಹೋದೀತು? ಅತ್ತೆ ಉಗುರು ಕತ್ತರಿಸಿಕೊಂಡರು. ಶೆಡ್ಡಿನ ಕಡೆಯ ಬಾಗಿಲಿಗೆ ಅಗುಳಿ ಹಾಕಿಸಿದರು. ಒರಟು ಜಾಗಗಳನ್ನು ಬಚ್ಚಲ ಕಲ್ಲಿಗೆ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದರು, ರಕ್ತ ಬರುವಷ್ಟು. "ಸಾಕು ಬಿಡಿ ಅತ್ತೆ, ಮಗು ಆಟ ಆಡಿಸ್ತಿದೆ" ಅಂದೆ ಒಂದು ದಿನ.

"ಆಡಿಸ್ಲಿ ಕಣೇ ಶಾಹೀನಾ. ನಾನು ಸುತ್ತಿದ್ನ ಅದು ಒಂದೊಂದೇ ಎಳೆ ಅನುಭವಿಸೈತೆ. ನಂದೂ ಒಂದೊಂದೇ ಎಳೆ ನೋಡ್ಲಿ."

ಮಳೆ ಹಿಡಿದ ಒಂದು ಬೆಳಿಗ್ಗೆ ಅಲ್ಫಿಯಾ ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು. ಕೈ ತಿರುಗಿಸು ಅಂದಳು. ಮತ್ತೆ ತಿರುಗಿಸು ಅಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಇಲ್ಲ," ಅಂದಳು.

ತಾನೇ ಕುತ್ತಿಗೆಯ ಪಟ್ಟಿ ಬಿಚ್ಚಿ, ಅಜ್ಜಿಗೆ ಬೆನ್ನು ಮಾಡಿ ಕೂತಳು. ಅತ್ತೆ ಎಣ್ಣೆಯಲ್ಲಿ ಅದ್ದಿದ ಬೆರಳನ್ನು ಗಾಯದ ಮೇಲೆ ಇಟ್ಟರು. ಅವಳು ಅತ್ತಳು. ಅತ್ತೆಯೂ ಅತ್ತರು. ಆದರೆ ಅವರ ಕೈ ನಿಲ್ಲಲಿಲ್ಲ.

"ತಲೆ ಎತ್ತವ್ವ," ಅಂದರು. "ಇನ್ನೊಂಚೂರು."

ಎತ್ತಿದಳು. ಎದುರಿನ ಗೋಡೆಯ ಗಡಿಯಾರ ಕಾಣುವಷ್ಟು.

ಈಗ ಶಾಲೆಗೆ ಹೋಗುತ್ತಾಳೆ. ದಿನವೂ ಅಲ್ಲ. ಅವಳ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯನ್ನು ಅವರ ಮನೆಯವರು ಬೇರೆ ಬೆಂಚಿಗೆ ಹಾಕಿಸಿದ್ದಾರೆ. ಸುಟ್ಟ ಗಾಯ ಅಂಟುವುದಿಲ್ಲ ಅಂತ ಮಿಸ್ಸು ಕ್ಲಾಸಿನಲ್ಲಿ ಹೇಳಿದರಂತೆ. ಆದರೂ ಬೆಂಚು ಖಾಲಿಯೇ ಇದೆ. ಆಪರೇಷನ್ ತಪ್ಪಿತು ಅಂತಲೂ ಡಾಕ್ಟರ್ ಹೇಳಿಲ್ಲ, ಮುಂದಿನ ಸಲ ನೋಡೋಣ ಅಂದಿದ್ದಾರೆ. ಅವಳು ಇನ್ನೂ ಚಾಪೆಯ ಮೇಲೇ ಮಲಗುತ್ತಾಳೆ. ಸಿಕ್ಕಿದಷ್ಟಕ್ಕೆ ದೇವರಿಗೆ ಕೈ ಮುಗಿದಿದ್ದೇನೆ, ಮಿಕ್ಕಿದ್ದಕ್ಕೆ ಜಗಳ ಇದ್ದೇ ಇದೆ.

ಬೆಳಿಗ್ಗೆ ಶಾಲೆಗೆ ಬಿಡಲು ಹೋಗುವುದು ಅತ್ತೆ. ದಾರಿಯುದ್ದಕ್ಕೂ ಅಲ್ಫಿಯಾ ದುಪಟ್ಟಾ ಸುತ್ತಿಕೊಂಡೇ ಇರುತ್ತಾಳೆ. ಗೇಟಿನ ಹತ್ತಿರ ನಿಲ್ಲುತ್ತಾಳೆ. "ಕೈ ತೋರ್ಸು" ಅನ್ನುತ್ತಾಳೆ. ಅತ್ತೆ ರಸ್ತೆಯಲ್ಲೇ ಎರಡೂ ಕೈ ಚಾಚುತ್ತಾರೆ. ಇವಳು ನೋಡಿ, ದುಪಟ್ಟಾ ತೆಗೆದು ಆ ಕೈಗಳಲ್ಲಿ ಇಟ್ಟು, ಬರಿಯ ಪಟ್ಟಿಯಲ್ಲಿ ಒಳಗೆ ಹೋಗುತ್ತಾಳೆ.