ಹುಲುಗಮ್ಮನ ಹೆಸರಿನ ಗೇಮಿಂಗ್ ಲ್ಯಾಪ್‌ಟಾಪ್

ಫೋನು ಬಂದಾಗ ಹುಲುಗಮ್ಮನ ಎರಡೂ ಕೈ ಮೊಣಕೈವರೆಗೆ ಕೆಸರಾಗಿದ್ದವು. ಎಡಗೈಯಲ್ಲಿ ಬತ್ತದ ಸಸಿಯ ಕಟ್ಟು, ಬಲಗೈಯಲ್ಲಿ ಅದರಿಂದ ಬಿಡಿಸಿಕೊಂಡ ನಾಲ್ಕು ಎಳೆ. ಕಾಲುವೆಗೆ ನೀರು ಬಿಟ್ಟು ಹನ್ನೆರಡು ದಿನವಾಗಿತ್ತು. ಕರೂರಿನ ಸುತ್ತ ಎಲ್ಲ ಗದ್ದೆಗಳಲ್ಲೂ ಹೆಂಗಸರು ಬಾಗಿ ನಾಟಿ ಹಾಕುತ್ತ ಹಿಂದಕ್ಕೆ ಸರಿಯುತ್ತಿದ್ದರು. ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ ಫೋನು ಮೂರನೆಯ ಸಲ ಹೊಡೆದುಕೊಂಡಾಗ ಪಕ್ಕದ ಸಾಲಿನ ತಿಪ್ಪಕ್ಕ ತಲೆ ಎತ್ತಿದಳು.

“ಎತ್ತಬೇ. ಯಾವನೋ ಬಿಡವಲ್ಲ.”

ಹುಲುಗಮ್ಮ ಸೆರಗಿಗೆ ಬೆರಳು ಒರೆಸಿಕೊಂಡು ಸ್ಪೀಕರ್ ಒತ್ತಿದಳು.

“ಹುಲುಗಮ್ಮಾ ಜೀ ಸೆ ಬಾತ್ ಹೋ ರಹೀ ಹೈ?”

ಗದ್ದೆಯಲ್ಲಿದ್ದವರೆಲ್ಲ ಒಮ್ಮೆಲೇ ನಕ್ಕರು. “ಜೀ ಅಂತ! ಹುಲುಗಮ್ಮ ಜೀ, ನಮ್ಮ ಕಡೀಗೂ ಸ್ವಲ್ಪ ನೋಡ್ರಿ ಜೀ!”

“ಸುಮ್ಕಿರ್ರಬೇ. ಹಿಂದಿ ಬರಂಗಿಲ್ಲಪಾ. ಕನ್ನಡದಾಗ ಮಾತಾಡು, ಇಲ್ಲಾಂದ್ರ ತೆಲುಗು.”

ಆ ಕಡೆಯವನಿಗೆ ತೆಲುಗು ಬರುತ್ತಿತ್ತು. ಲ್ಯಾಪ್‌ಟಾಪ್ ಕಂಪನಿಯಿಂದ ಮಾತಾಡುತ್ತಿರುವುದಾಗಿ, ಈ ಮಾತುಕತೆ ರೆಕಾರ್ಡ್ ಆಗುತ್ತಿರುವುದಾಗಿ ಹೇಳಿದ. ಆಮೇಲೆ ಮುಂದಿಟ್ಟುಕೊಂಡ ಕಾಗದ ಓದುವವನಂತೆ ಕೇಳಿದ: ನಿಮ್ಮ ಗೇಮಿಂಗ್ ಲ್ಯಾಪ್‌ಟಾಪಿಗೆ ನೀರಾಗಲಿ, ಚಹಾ ಆಗಲಿ, ಬೇರೆ ಏನಾದರೂ ತೇವವಾಗಲಿ ತಾಗಿತ್ತೇನಮ್ಮಾ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ.

ಮಗಳನ್ನು ಕೇಳಪ್ಪ ಎಂದಳು ಹುಲುಗಮ್ಮ, ತೆಲುಗಿನಲ್ಲೇ. ಮಗಳನ್ನು ಆರು ಸಲ ಕೇಳಿದ್ದೇವೆ ಎಂದ ಅವನು. ಬಿಲ್ಲು ನಿಮ್ಮ ಹೆಸರಿನಲ್ಲಿದೆ. ಮಾಲೀಕರು ನೀವು.

ಹುಲುಗಮ್ಮ ತನ್ನ ಕಾಲಡಿಯ ನೀರು ನೋಡಿದಳು. ಕೆಸರಲ್ಲಿ ನಿಂತಿದ್ದೇನೆ, ಆಮೇಲೆ ಮಾಡು ಎಂದು ಹೇಳಿ ಫೋನು ಕತ್ತರಿಸಿದಳು.

“ಆ ಪೆಟಿಗಿ ನಿಂದಾ?” ತಿಪ್ಪಕ್ಕ ಕೇಳಿದಳು. “ಗೇಮ್ ಆಡ್ತಿಯೇನಬೇ ನೀನು, ಈ ವಯಸ್ಸಿನಾಗ?”

“ನಿನ್ನ ಗಂಡ ಇಸ್ಪೀಟ್ ಆಡಂಗಿಲ್ಲೇನು? ನಾ ಇದನ್ನ ಆಡ್ತೀನಿ. ನಾಟಿ ಹಚ್ಚು, ನಿನ್ನ ಸಾಲು ಹಿಂದ ಬಿದ್ದೈತಿ.”

ಹುಲುಗಮ್ಮನಿಗೆ ನಲವತ್ತೇಳು. ಹದಿನಾಲ್ಕು ಹೆಂಗಸರ ನಾಟಿ ಗುಂಪಿಗೆ ಅವಳೇ ಮುಂದಾಳು. ಎಕರೆಗೆ ಇಷ್ಟೆಂದು ಗುತ್ತಿಗೆ ಮಾತಾಡುವವಳು ಅವಳು, ಸಂಜೆ ‘ಮುಗೀತು’ ಎಂದು ರೈತನಿಗೆ ಹೇಳುವವಳೂ ಅವಳು. ಅವಳು ಮುಗಿಯಿತೆಂದ ಮೇಲೆ ಕರೂರಿನಲ್ಲಿ ಯಾವ ರೈತನೂ ಬದುವಿನ ಮೇಲೆ ಹೋಗಿ ನೋಡುವುದಿಲ್ಲ. ಮನೆಯಲ್ಲಿ ಉಳಿಯುವಂಥದ್ದೆಲ್ಲ ಅವಳ ಹೆಸರಿಗೇ ಇದೆ. ಮನೆ ಜಾಗದ ಪಟ್ಟಾ, ಗ್ಯಾಸು, ಮಹಿಳಾ ಸಂಘದ ಪಾಸ್‌ಬುಕ್ಕು. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ಗಂಡ ಸುಂಕಣ್ಣ, “ಕಾಗದ ನನ್ನ ಕೈಯಾಗ ಉಳಿಯಂಗಿಲ್ಲ, ಆಕಿ ಹೆಸರಿಗೆ ಬರೀರಿ” ಎಂದು ಮೊದಲಿನಿಂದಲೂ ಹೇಳುತ್ತ ಬಂದವನು. ಹೀಗಾಗಿ ಹೋದ ಅಕ್ಟೋಬರಿನಲ್ಲಿ ಬಳ್ಳಾರಿಯ ಅಂಗಡಿಯವನು “ಬಿಲ್ಲು ಯಾರ ಹೆಸರಿಗೆ?” ಎಂದಾಗ ಮಗಳು ಗೌತಮಿ ಯೋಚನೆಯನ್ನೇ ಮಾಡದೆ “ಹುಲುಗಮ್ಮ” ಎಂದಿದ್ದಳು. ಫೋನ್ ನಂಬರೂ ಅವ್ವನದೇ ಕೊಟ್ಟಿದ್ದಳು.

ಗೌತಮಿ ಆಟ ಆಡುವವಳಲ್ಲ, ಆಟದೊಳಗಿನ ಸಾಮಾನು ಮಾಡುವವಳು. ಹೈದರಾಬಾದಿನ ಒಂದು ಕಂಪನಿ ತಯಾರಿಸುವ ಗೇಮ್‌ಗಳಿಗೆ ಬಾವಿ, ಬಂಡಿ, ಕುಸಿದ ಗೋಡೆ, ಹಳೆಯ ಮನೆ ಎಲ್ಲವನ್ನೂ ನಾಲ್ಕು ಕಡೆಯಿಂದ ಕಾಣುವಂತೆ ಕಂಪ್ಯೂಟರಿನಲ್ಲಿ ಕಟ್ಟಿ ಕಳಿಸುತ್ತಾಳೆ. ಒಂದೊಂದಕ್ಕೆ ಇಷ್ಟೆಂದು ಹಣ ಬರುತ್ತದೆ. ಆ ಕೆಲಸಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಲದು. ಒಳಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು. ಅಂಗಡಿಯವನು ಒಂದು ಲಕ್ಷ ಇಪ್ಪತ್ತೆಂಟು ಸಾವಿರದ ಪೆಟ್ಟಿಗೆ ತೆರೆದು, “ಇದರ ಮುಂದ ಬ್ಯಾರೆ ಇಲ್ಲ, ಲೇಟೆಸ್ಟ್” ಎಂದಿದ್ದ. ಜನವರಿಯಲ್ಲಿ ಅದರ ಮುಂದಿನದು ಬಂತು. ಮಾರ್ಚಿನಲ್ಲಿ ಅದೇ ಅಂಗಡಿಯ ಬಾಗಿಲಿಗೆ ಇವರ ಲ್ಯಾಪ್‌ಟಾಪಿನ ಚಿತ್ರ ಅಂಟಿಸಿ ‘ಹಳೆ ಸ್ಟಾಕ್, ಭಾರಿ ರಿಯಾಯಿತಿ’ ಎಂದು ಬರೆದಿದ್ದರು. ಮನೆಯ ಕಬ್ಬಿಣದ ಮಂಚಕ್ಕೆ ಇಪ್ಪತ್ತಮೂರು ವರ್ಷವಾಗಿದೆ, ಅದನ್ನು ಇನ್ನೂ ಯಾರೂ ಹಳೆಯದು ಎಂದಿಲ್ಲ. ಐದು ತಿಂಗಳಲ್ಲಿ ಹಳೆಯದಾಗುವ ವಸ್ತುವನ್ನು ಹುಲುಗಮ್ಮ ಮೊದಲ ಸಲ ಕಂಡದ್ದು.

ಜೂನ್ ಮೊದಲ ವಾರ, ಮಳೆ ಇನ್ನೂ ಬಂದಿರಲಿಲ್ಲ. ಗೌತಮಿ ಸಿರುಗುಪ್ಪದ ಬ್ಯಾಂಕಿಗೆ ಹೊರಟಿದ್ದಳು. ತಾನು ಕಂಪ್ಯೂಟರಿನಲ್ಲಿ ಕಟ್ಟಿದ ಒಂದು ವಾಡೆಯ, ಅಂದರೆ ಹಳೆಯ ದೊಡ್ಡ ಮನೆಯ, ಚಿತ್ರಗಳನ್ನು ತಯಾರಿಸಲು ಲ್ಯಾಪ್‌ಟಾಪನ್ನು ಹಚ್ಚಿದ್ದಳು. ಅದು ತಾಸುಗಟ್ಟಲೆ ತಾನೇ ನಡೆಯುವ ಕೆಲಸ. “ಅವ್ವಾ, ಮುಚ್ಚಬ್ಯಾಡ, ಬಂದ್ ಮಾಡಬ್ಯಾಡ. ಸಂಜಿತನ ಓಡ್ಲಿ,” ಎಂದು ಹೇಳಿ ಹೋದಳು.

ನಡು ಮಧ್ಯಾಹ್ನ ಅದು ಗಿರಣಿಯಂತೆ ಸದ್ದು ಮಾಡತೊಡಗಿತು. ಹುಲುಗಮ್ಮ ಹತ್ತಿರ ಹೋಗಿ ಕೈ ಇಟ್ಟು ನೋಡಿದರೆ ರೊಟ್ಟಿಯ ಹಂಚು. ಪಕ್ಕದಿಂದ ಬರುವ ಗಾಳಿ ಮುಖ ಸುಡುತ್ತಿತ್ತು. ಬಂದ್ ಮಾಡಬೇಡ ಎಂದು ಮಗಳು ಹೇಳಿದ್ದಾಳೆ. ಹಾಗೇ ಬಿಟ್ಟರೆ ಹೊತ್ತಿಕೊಂಡೀತೆಂಬ ಭಯ. ಬೇಸಿಗೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಹರಿವಿ ತಂಪಾಗಿರಲೆಂದು ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಒಂದು ಟವಲ್ ತೊಯ್ಸಿ, ಹನಿ ಬೀಳದಂತೆ ಹಿಂಡಿ, ನಾಲ್ಕು ಮಡಿಕೆ ಮಾಡಿ ಅದರ ಅಡಿಗೆ ಹಾಸಿದಳು. ಸದ್ದು ಸ್ವಲ್ಪ ಇಳಿಯಿತು. ಅವಳಿಗೆ ಸಮಾಧಾನವಾಯಿತು. ಕಾಲು ತಾಸಿನಲ್ಲಿ ಪರದೆ ಕಪ್ಪಾಯಿತು.

ಟವಲ್ ತೆಗೆದು ಹಗ್ಗಕ್ಕೆ ಹಾಕಿದಳು. ಗೌತಮಿ ಬರುವ ಹೊತ್ತಿಗೆ ಅದು ಒಣಗಿತ್ತು. ಮಗಳು ಲ್ಯಾಪ್‌ಟಾಪನ್ನು ಹತ್ತು ಸಲ ಒತ್ತಿ ನೋಡಿದಳು. “ಬಿಸಿಲಿಗೆ ಹೋತು ನೋಡವ್ವಾ. ವಾರಂಟಿ ಐತಿ, ಹೆದರಬ್ಯಾಡ,” ಎಂದಳು. ಕೇಳಿದ್ದರೆ ಹುಲುಗಮ್ಮ ಹೇಳುತ್ತಿದ್ದಳು. ಆದರೆ ಗೌತಮಿ ಕೇಳಲಿಲ್ಲ. ಬಟ್ಟೆಗೂ ಕಪ್ಪಾದ ಪರದೆಗೂ ಸಂಬಂಧವಿದೆ ಎಂದು ಹುಲುಗಮ್ಮನಿಗೂ ಆ ಸಂಜೆ ಅನ್ನಿಸಿರಲಿಲ್ಲ.

ಅನ್ನಿಸಿದ್ದು ಮೂರು ವಾರದ ಮೇಲೆ. ಬಳ್ಳಾರಿಯ ಗಾಂಧಿನಗರದ ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಬಿಚ್ಚುವ ಎಂಜಿನಿಯರ್ ಮೊದಲು ರಜೆಯಲ್ಲಿದ್ದ, ಆಮೇಲೆ ಪಾರ್ಟ್ ಬರಬೇಕಿತ್ತು. ಕೊನೆಗೆ ಬಂದದ್ದು ಒಂದು ಫೋಟೊ. ಒಳಗಿನ ಬಿಳಿ ಸ್ಟಿಕರ್ ಕೆಂಪಗಾಗಿದೆ, ಅಂದರೆ ನೀರು ತಾಗಿದೆ, ವಾರಂಟಿ ನಡೆಯುವುದಿಲ್ಲ. ಒಳಗಿನ ಮುಖ್ಯ ಸರ್ಕ್ಯೂಟ್ ಬೋರ್ಡು ಬದಲಿಸಲು ಎಪ್ಪತ್ತೆರಡು ಸಾವಿರ.

ಗೌತಮಿ ಸಿಡಿದಳು. ಅದಕ್ಕೊಂದು ಕಾರಣವೂ ಇತ್ತು. ಕುರುಗೋಡಿನ ಶಶಿಕಾಂತ್, ಅವಳ ಜೊತೆ ಓದಿದವನು, ಇದೇ ಮಾಡೆಲ್ ಕೊಂಡಿದ್ದ. ಅವನದೂ ಕಾದು ಸತ್ತಿತ್ತು. ಫ್ಯಾನಿನ ದೋಷವೆಂದು ಕಂಪನಿ ಒಪ್ಪಿತು. ಹಳೆಯ ಮಾಡೆಲ್ ಈಗ ತಯಾರಾಗುತ್ತಿಲ್ಲವೆಂದು ಹೊಸದನ್ನೇ ಕೊಟ್ಟಿತು. ಇಲ್ಲಿ ಮಾತ್ರ ನೀರಿನ ಕಥೆ ಕಟ್ಟುತ್ತಿದ್ದಾರೆ ಎಂದು ಗೌತಮಿ ನಂಬಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಫೋನಿನಲ್ಲಿ ಕೂಗಾಡಿದಳು: “ಕಳ್ಳರಿದ್ದೀರಿ ನೀವು. ಒಂದು ಹನಿ ನೀರು ಬಿದ್ದಿಲ್ಲ. ನಮ್ಮವ್ವ ಮನ್ಯಾಗ ಇದ್ಲು, ನಮ್ಮವ್ವ ಸಾಕ್ಷಿ. ನಮ್ಮವ್ವ ಸುಳ್ಳು ಹೇಳಾಕಿ ಅಲ್ಲ, ಊರಾಗ ಯಾರನ್ನಾರ ಕೇಳ್ರಿ.”

ಹುಲುಗಮ್ಮ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ನೀರು ಬಿದ್ದಿಲ್ಲ ಎಂಬುದು ನಿಜವೇ. ಆದರೆ ಆ ನಿಜವನ್ನು ಎಷ್ಟು ಹೊತ್ತು ಹಿಡಿದುಕೊಂಡು ಕೂರಬಹುದು ಎಂದು ಅವಳಿಗೆ ಗೊತ್ತಿತ್ತು. ಇವತ್ತು ಹೇಳುತ್ತೇನೆ ಎಂದುಕೊಂಡ ದಿನಗಳು ಹತ್ತು ಹದಿನೈದು ಆದವು. ಗೌತಮಿ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿ, ಹುಡುಗರು ಆಟ ಆಡುವ ಒಂದು ಗೇಮಿಂಗ್ ಸೆಂಟರಿನಲ್ಲಿ ತಾಸಿನ ಲೆಕ್ಕಕ್ಕೆ ಕುಳಿತು ಕೆಲಸ ಮಾಡಿ ಬರುತ್ತಿದ್ದಳು. ಹೈದರಾಬಾದಿನವರು ಆಗಸ್ಟ್ ಹದಿನೈದರೊಳಗೆ ಗೇಮಿನೊಳಗಿನ ಒಂದು ಇಡೀ ಊರಿನ ಇಪ್ಪತ್ತು ಮನೆ ಕೇಳಿದ್ದರು. ಎಂಟು ಆಗಿದ್ದವು.

ಗದ್ದೆಗೆ ಫೋನು ಬಂದ ಮೂರನೆಯ ದಿನ ತಾಯಿ ಮಗಳು ಬಳ್ಳಾರಿಗೆ ಹೋದರು. ಮಾಲೀಕರೇ ಬಂದು ಬರೆದುಕೊಡಬೇಕೆಂದು ಸರ್ವಿಸ್ ಸೆಂಟರಿನವರು ಹೇಳಿದ್ದರು. ಹುಲುಗಮ್ಮ ಸಂಘದ ಸಭೆಗೆ ಉಡುವ ನೀಲಿ ಸೀರೆ ಉಟ್ಟಿದ್ದಳು.

ಕೌಂಟರಿನಲ್ಲಿದ್ದ ಶೀಲಾ ಇಷ್ಟು ದಿನ ಗೌತಮಿಯ ಬೈಗುಳ ತಿಂದವಳು. ಹುಲುಗಮ್ಮನಿಗೆ ಕುರ್ಚಿ ತೋರಿಸಿ, “ಕೂಡ್ರಿ ಅಮ್ಮಾ, ನಿಮ್ಮ ಮಗಳು ದಿನಾ ನಿಮ್ಮ ಹೆಸರು ಹೇಳಿ ನನ್ನ ಹೆದರಸ್ತಾಳ,” ಎಂದಳು. ಆಮೇಲೆ ದನಿ ತಗ್ಗಿಸಿದಳು. “ನೋಡ್ರಿ, ಈ ಮಾಡೆಲಿನ ಫ್ಯಾನ್ ಕಂಪ್ಲೇಂಟ್ ಭಾಳ ಬಂದಾವ. ಸ್ಟಿಕರ್ ಒಂದೊಂದು ಸಲ ಹವಾದ ತೇವಕ್ಕೂ ಕೆಂಪಗಾಗ್ತೈತಿ. ನೀರು ತಾಗಿಲ್ಲ ಅಂತ ಓನರ್ ಸಹಿ ಮಾಡಿದ್ರ ಮ್ಯಾಲಿನವರು ಒಪ್ತಾರ. ಹಿಂದಿನ ತಿಂಗಳು ಎರಡು ಒಪ್ಯಾರ.”

“ಒಪ್ಪಿದ್ರ ಹೊಸಾ ಮಾಡೆಲ್ ಕೊಡಬೇಕು,” ಎಂದಳು ಗೌತಮಿ.

“ಅದನ್ನೇ ಕೊಡ್ತಾರ, ಹಳೇದು ಎಲ್ಲಿಂದ ತರ್ತಾರ?”

ಒಂದು ಹಾಳೆ, ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಗೆರೆ. ಹುಲುಗಮ್ಮ ಪೆನ್ನು ಹಿಡಿದಳು. ಸಂಘದ ಕಾಗದಗಳಿಗೆ ಸಹಿ ಮಾಡಿ ಅವಳ ಕೈ ಪಳಗಿತ್ತು. ಓದಿಸಿ ಕೇಳದೆ ಸಹಿ ಮಾಡಿದ್ದು ಮಾತ್ರ ಇಲ್ಲ.

“ಏನ್ ಬರದೈತಿ ತಂಗೀ? ಓದಿ ಹೇಳು.”

“ಅವ್ವಾ, ನಾ ಓದೀನಿ. ಮಾಡು, ಹನ್ನೆರಡರ ಬಸ್ ತಪ್ತೈತಿ.”

“ಆಕಿ ಓದ್ಲಿ.”

ಶೀಲಾ ಕನ್ನಡ ಮಾಡಿ ಓದಿದಳು. “ಹುಲುಗಮ್ಮ ಎಂಬ ನಾನು, ಈ ಲ್ಯಾಪ್‌ಟಾಪಿನ ಮಾಲೀಕಳು. ನನಗೆ ತಿಳಿದಮಟ್ಟಿಗೆ ಇದಕ್ಕೆ ನೀರು ಅಥವಾ ಯಾವುದೇ ತೇವ ತಾಗಿರುವುದಿಲ್ಲ.”

ಹುಲುಗಮ್ಮ ಪೆನ್ನು ಹಾಳೆಯ ಮೇಲೆ ಅಡ್ಡ ಇಟ್ಟಳು.

“ಒದ್ದಿ ಬಟ್ಟಿ ಇಟ್ಟಿದ್ದೆ.”

“ಏನು?” ಎಂದಳು ಗೌತಮಿ.

“ಅವತ್ತು, ನೀ ಬ್ಯಾಂಕಿಗೆ ಹೋದಾಗ. ಭಾಳ ಕಾದು ಒದರಾಕ ಹತ್ತಿತ್ತು. ಬಂದ್ ಮಾಡಬ್ಯಾಡ ಅಂದಿದ್ದಿ. ಟವಲ್ ತೊಯ್ಸಿ, ಹಿಂಡಿ, ಅಡಿಗೆ ಇಟ್ಟೆ.”

ಶೀಲಾ ಕಂಪ್ಯೂಟರಿನ ಕಡೆಗೆ ನೋಡತೊಡಗಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

“ನಾ ಇವರನ್ನ ಕಳ್ಳರು ಅಂದೀನಿ,” ಗೌತಮಿ ಮೆಲ್ಲಗೆ ಹೇಳಿದಳು. “ನಿನ್ನ ಮುಂದ ಕುಂತು ಅಂದೀನಿ. ನೀ ಕೇಳಿದಿ.”

“ಕೇಳೀನಿ.”

“ಮತ್ತ ಯಾಕ ಹೇಳಲಿಲ್ಲ?”

ಹುಲುಗಮ್ಮ ಹಾಳೆಯನ್ನು ಶೀಲಾಳ ಕಡೆ ಸರಿಸಿದಳು. “ಮೊದಲು ಅದರಿಂದನ ಕೆಟ್ಟೈತಿ ಅಂತ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೆ, ನಮ್ಮವ್ವ ಸುಳ್ಳು ಹೇಳಾಕಿ ಅಲ್ಲ ಅಂತ ನೀ ಎಲ್ಲಾರಿಗೂ ಹೇಳ್ತಿದ್ದಿ. ಅದನ್ನ ಕೇಳಾಕ ಹಿತ ಅನಸ್ತಿತ್ತು.”

ಗೌತಮಿ ಎದ್ದು ಹೊರಗೆ ಹೋದಳು. ಗಾಜಿನ ಬಾಗಿಲಿನಾಚೆ ಆಟೋಗಳ ನಡುವೆ ಅವಳ ಬೆನ್ನು ಕಾಣುತ್ತಿತ್ತು. ಶೀಲಾ ಒಂದು ಲೋಟ ನೀರು ತಂದಿಟ್ಟಳು. “ಅಮ್ಮಾ, ನಾ ಏನೂ ಕೇಳಿಸ್ಕೊಂಡಿಲ್ಲ. ಬೇಕಂದ್ರ ಈಗೂ ಸಹಿ ಮಾಡ್ರಿ.”

“ನೀ ಕೇಳಿಸ್ಕೊಂಡಿಲ್ಲ ತಂಗೀ, ಆದ್ರ ನಾ ಹೇಳೀನಲ್ಲ.”

ಹತ್ತು ನಿಮಿಷದ ಮೇಲೆ ಗೌತಮಿ ಒಳಗೆ ಬಂದಳು. ಕಣ್ಣು ಕೆಂಪಗಿದ್ದವು, ದನಿ ಮಾತ್ರ ಹಳೆಯ ದನಿಯೇ.

“ಮೇಡಂ, ಫ್ಯಾನ್ ನೆಟ್ಟಗಿದ್ದಿದ್ರ ನಮ್ಮವ್ವ ಬಟ್ಟಿ ಯಾಕ ಇಡ್ತಿದ್ಲು? ಹಂಚಿನಂಗ ಕಾಯೋ ಸಾಮಾನು ಮಾರಿದವರು ಯಾರು? ಬಟ್ಟಿ ಇಟ್ಟದ್ದು ಬರೀರಿ. ಯಾಕ ಇಟ್ಲು ಅನ್ನೋದನ್ನೂ ಬರೀರಿ.”

“ಇಂಥಾದ್ದಕ್ಕ ಫಾರ್ಮ್ ಇಲ್ಲ.”

“ಬಿಳಿ ಹಾಳಿ ಐತಿಲ್ಲ?”

ಶೀಲಾ ಬಿಳಿ ಹಾಳೆ ತೆಗೆದಳು. ಹುಲುಗಮ್ಮ ಹೇಳಿದಳು, ಶೀಲಾ ಬರೆದಳು, ಗೌತಮಿ ನಡುನಡುವೆ ತಿದ್ದಿದಳು. ಎಷ್ಟು ಹೊತ್ತಿಗೆ ಕಾದಿತು, ಯಾವ ಕಡೆಯಿಂದ ಬಿಸಿ ಗಾಳಿ ಬಂತು, ಎಷ್ಟು ಮಡಿಕೆಯ ಟವಲ್. ಪೂರ್ತಿ ಓದಿಸಿ ಕೇಳಿದ ಮೇಲೆ ಹುಲುಗಮ್ಮ ಸಹಿ ಮಾಡಿದಳು.

ಬಸ್ಸಿನಲ್ಲಿ ಗೌತಮಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ತೆಕ್ಕಲಕೋಟೆ ದಾಟಿದ ಮೇಲೆ ತಾಯಿಯ ಕಡೆ ತಿರುಗದೆಯೇ, “ಹೈದರಾಬಾದಿನವರಿಗೆ ಇಪ್ಪತ್ತು ಆಗಂಗಿಲ್ಲ, ಹನ್ನೆರಡು ಕೊಡ್ತೀನಿ ಅಂತ ನಾಳೆ ಹೇಳ್ತೀನಿ,” ಎಂದಳು. ಹುಲುಗಮ್ಮ ಹೂಂ ಎಂದಳು. ಮಾರನೆಯ ದಿನ ಹೈದರಾಬಾದಿನವರು ಹನ್ನೆರಡಕ್ಕೆ ಒಪ್ಪಿ, ಉಳಿದ ಎಂಟು ಮನೆಗಳನ್ನು ಬೇರೆಯವರಿಗೆ ಕೊಟ್ಟರು.

ಕಂಪನಿಯ ಉತ್ತರ ಒಂಬತ್ತನೆಯ ದಿನ ಬಂತು. ಫ್ಯಾನು ದೋಷದ್ದೆಂದು ಒಪ್ಪಿ ಅದನ್ನು ಬಿಟ್ಟಿ ಬದಲಿಸಿಕೊಟ್ಟರು. ಬೋರ್ಡಿಗೆ ತೇವ ತಾಗಿರುವುದನ್ನು ಗ್ರಾಹಕರೇ ಒಪ್ಪಿರುವುದರಿಂದ ಅದು ವಾರಂಟಿಗೆ ಬರುವುದಿಲ್ಲ ಎಂದು ಬರೆದಿದ್ದರು. ಎಪ್ಪತ್ತೆರಡು ಸಾವಿರ ಕೊಡುವುದಿಲ್ಲವೆಂದು ಗೌತಮಿ ಲ್ಯಾಪ್‌ಟಾಪನ್ನು ಹಾಗೇ ವಾಪಸು ತಂದಳು. ಬಳ್ಳಾರಿಯಲ್ಲಿ ಬೋರ್ಡಿನ ಸುಟ್ಟ ಭಾಗವನ್ನಷ್ಟೇ ಬಿಡಿಸಿ ಹೊಸದು ಕೂರಿಸುವ ಯರ್ರಿಸ್ವಾಮಿ ಎಂಬ ರಿಪೇರಿಯವನಿದ್ದಾನೆ. ಫೋಟೊ ನೋಡಿದವನು ಆರು ಸಾವಿರ ಹೇಳಿದ್ದಾನೆ, ಆದರೆ ಆದೀತೆಂದು ಮಾತು ಕೊಟ್ಟಿಲ್ಲ.

ಬುಧವಾರ ನಾಟಿಗೆ ಬಿಡುವಿದೆ. ಅವತ್ತು ತಾಯಿ ಮಗಳಿಬ್ಬರೂ ಅವನಲ್ಲಿಗೆ ಹೋಗುತ್ತಾರೆ. ಹೊರಗಿನವರು ಲ್ಯಾಪ್‌ಟಾಪ್ ಬಿಚ್ಚಿದರೆ ಇನ್ನುಳಿದ ಎರಡು ತಿಂಗಳ ವಾರಂಟಿಯೂ ಅಂದೇ ಮುಗಿಯುತ್ತದೆ.