ಬ್ಯಾಟು ಬಿಟ್ಟು ಓಡುವುದು

ಕತ್ತಲಾಗುವ ಮೊದಲು ಮನೆ ಸೇರಿಕೊಳ್ಳಬೇಕು ಎಂದು ನಮ್ಮವರೆಲ್ಲ ಅವಸರಪಡುತ್ತಿದ್ದ ಕಾಲ ಅದು. ಎಂಬತ್ತರ ದಶಕದ ಕೊನೆ, ಅಮೆರಿಕದ ಜರ್ಸಿ ಸಿಟಿ. ಆ ಸಂಜೆ ಅಡುಗೆಮನೆಯಲ್ಲಿ ಎಲ್ಲರೂ ಇದ್ದೆವು. ಕಿಟಕಿಗೆ ಬೆನ್ನು ಹಾಕಿ ತಾತ, ಫ್ರಿಜ್ಜಿಗೆ ಒರಗಿಕೊಂಡು ಮುರಳಿಯಣ್ಣ, ಮೇಜಿನ ಕೆಳಗೆ ಕಾಲು ಮಡಚಿಕೊಂಡು ನಾನು. ಮಧ್ಯದಲ್ಲಿ ಕುರ್ಚಿಯ ಮೇಲೆ ಅಪ್ಪ, ಅವರ ತಲೆ ಹಿಡಿದುಕೊಂಡು ಅಮ್ಮ. ಅಪ್ಪನ ಹುಬ್ಬು ಸೀಳಿತ್ತು. ಕನ್ನಡಕದ ಒಂದು ಗಾಜು ಇರಲಿಲ್ಲ. ಫ್ರೀಜರಿನಲ್ಲಿಟ್ಟಿದ್ದ ತೆಂಗಿನತುರಿಯ ಪೊಟ್ಟಣವನ್ನೇ ಅಮ್ಮ ಗಾಯಕ್ಕೆ ಒತ್ತಿದ್ದಳು. ಅದು ಕರಗಿ, ಕೆಂಪು ಬೆರೆತ ನೀರು ಅವರ ಆಫೀಸಿನ ಬಿಳಿ ಅಂಗಿಯ ಮೇಲೆ ಇಳಿಯುತ್ತಿತ್ತು. ಒಲೆಯ ಮೇಲೆ ಹುಳಿ ತಳ ಹತ್ತಿದ ವಾಸನೆ. ಯಾರೂ ಅತ್ತ ಹೋಗಲಿಲ್ಲ.

"ಎಷ್ಟು ಜನ ಇದ್ರೋ?" ಅಂದರು ತಾತ.

"ನೋಡೋಕೆ ಬಿಟ್ರೆ ತಾನೆ ಎಣಿಸೋದು? ಸ್ಟೇಷನ್ನಿಂದ ಇಳಿದು ಬರ್ತಿದ್ದೆ, ಹಿಂದಿನಿಂದ ಹಾಕಿದ್ರು. ‘ಗೋ ಹೋಮ್, ಹಿಂದೂ’ ಅಂದ್ರು. ಮನೇಗೇ ಹೋಗ್ತಿದ್ದೆನಲ್ಲಪ್ಪ ನಾನು!"

ನಾವು ನಗಲಿ ಎಂದೇ ಅಪ್ಪ ಹಾಗೆ ಹೇಳಿದ್ದು. ಯಾರಿಗೂ ನಗು ಬರಲಿಲ್ಲ.

ನಿಮ್ಮಲ್ಲಿ ಆ ವರ್ಷಗಳಲ್ಲಿ ಆ ಕಡೆ ಇದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಹಣೆಯ ಬೊಟ್ಟು ಕಂಡರೇ ಮೇಲೆ ಬೀಳುವ ಪುಂಡರ ಗುಂಪುಗಳು. ಬೆಳಗಾದರೆ ಕಿಟಕಿಯ ಮೇಲೆ ಒಡೆದ ಮೊಟ್ಟೆ, ಸಂಜೆಯಾದರೆ ಕಲ್ಲು. ಹೊರಗೆ ಹೊರಟ ಅಮ್ಮ ಹಣೆಯ ಕುಂಕುಮವನ್ನು ಬಾಗಿಲ ಬಳಿ ಸೆರಗಿನಿಂದ ಒರೆಸಿಕೊಂಡು, ಹಿಂತಿರುಗಿದಾಗ ಅಲ್ಲೇ ನಿಂತು ಮತ್ತೆ ಇಟ್ಟುಕೊಳ್ಳುತ್ತಿದ್ದಳು. ನಾನಾಗ ಒಂಬತ್ತು ವರ್ಷದವಳು. ಅದನ್ನೂ ಚಪ್ಪಲಿ ಹಾಕಿ ಬಿಚ್ಚುವ ಹಾಗೆ ಒಂದು ಪದ್ಧತಿ ಅಂದುಕೊಂಡಿದ್ದೆ.

ಮೂರನೆಯ ಮಹಡಿಯ ಹೆಕ್ಟರ್, ಅಣ್ಣನ ಸ್ನೇಹಿತ, ಒಂದು ಗುಟ್ಟು ಹೇಳಿಕೊಟ್ಟಿದ್ದ. ನಮ್ಮ ಬೀದಿಗಳ ಹುಡುಗರದೊಂದು ಬೇಸಿಗೆಯ ಬೇಸ್‌ಬಾಲ್ ತಂಡವಿತ್ತು. ನೀಲಿ ಅಂಗಿ. ಆ ಅಂಗಿಯವನನ್ನು ಯಾರಾದರೂ ಮುಟ್ಟಿದರೆ ಇಡೀ ತಂಡ ಮುಟ್ಟಿದವನ ಮನೆ ಬಾಗಿಲಿಗೆ ಹೋಗುತ್ತಿತ್ತು. ಅಂಗಿಯವನ ಮನೆಯವರಿಗೂ ಅದೇ ಕಾಯಿದೆ.

"ನಾನು ಟೀಮ್‌ಗೆ ಸೇರ್ತೀನಿ," ಅಂದ ಮುರಳಿಯಣ್ಣ. "ಆಗ ಅಪ್ಪನ್ನ ಯಾರೂ ಮುಟ್ಟಲ್ಲ."

"ಬೇಸ್‌ಬಾಲ್ ಆಡಕ್ಕೆ ಬರತ್ತೇನೋ ನಿಂಗೆ?" ಅಂದರು ಅಪ್ಪ.

"ಚೆಂಡು ಚೆಂಡೇ ಕಣಯ್ಯ," ಅಂದರು ತಾತ, ಅಲ್ಲಿಗೆ ಅದು ತೀರ್ಮಾನವಾಯಿತು.

ತಾತ ನಂಜನಗೂಡಿನಲ್ಲಿ ಪಿ.ಟಿ. ಮೇಷ್ಟರಾಗಿದ್ದವರು. ಶಾಲೆಯ ಕ್ರಿಕೆಟ್ ತಂಡಕ್ಕೆ ಹುಡುಗರನ್ನು ಆರಿಸಿ ಆರಿಸಿ ಕೂದಲು ಬೆಳ್ಳಗಾದ ಮೇಲೆ, ಅಜ್ಜಿ ತೀರಿಕೊಂಡು, ನಮ್ಮಲ್ಲಿಗೆ ಬಂದಿದ್ದರು. ಮುರಳಿಯಣ್ಣ ಒಂಬತ್ತು ವರ್ಷದವರೆಗೆ ಅವರ ಕೈಕೆಳಗೇ ಬೆಳೆದವನು. ನಾನು ಬೆಳೆದದ್ದು ಇಲ್ಲಿ, ಆದರೆ ನನ್ನ ಕನ್ನಡವೆಲ್ಲ ತಾತನ ಬಾಯಿಂದ ಬಂದದ್ದು. ಸಿಟ್ಟು ಬಂದರೆ ಇವತ್ತಿಗೂ ನನ್ನ ನಾಲಿಗೆ ಸೀದಾ ನಂಜನಗೂಡಿಗೆ ಹೋಗುತ್ತದೆ.

ಆಯ್ಕೆಯ ದಿನ ತಾತ ಕೊಡೆ ಹಿಡಿದು ಬೇಲಿಯ ಆಚೆ ನಿಂತರು, ನಾನು ಪಕ್ಕದಲ್ಲಿ. ಕೋಚ್‌ನ ಹೆಸರು ಸಾಲ್, ಬಂದರಿನಲ್ಲಿ ಹೊರೆ ಇಳಿಸುವ ಮನುಷ್ಯ. ಒಂದು ಬೆರಳು ಅರ್ಧಕ್ಕೇ ನಿಂತಿತ್ತು. ಅವರು ಹುಡುಗರ ಓಟ ನೋಡಲಿಲ್ಲ, ಹೊಡೆತ ನೋಡಲಿಲ್ಲ. ಒಬ್ಬೊಬ್ಬನನ್ನೇ ಹತ್ತಿರ ನಿಲ್ಲಿಸಿ, ಚೆಂಡನ್ನು ಬ್ಯಾಟಿನಿಂದ ಅವನ ಮುಖದ ಕಡೆಗೇ ಬಾರಿಸಿದರು. ಹಿಡಿದನೋ ಬಿಟ್ಟನೋ ಅವರಿಗೆ ಬೇಕಿರಲಿಲ್ಲ. ಮುಖ ತಿರುಗಿಸಿದನೇ ಇಲ್ಲವೇ, ಅಷ್ಟೇ.

ಡೊಮಿನಿಕ್ ನಮ್ಮ ಬೀದಿಯ ಅತಿ ದೊಡ್ಡ ಹುಡುಗ. ಹೊಡೆದರೆ ಚೆಂಡು ಬೇಲಿ ದಾಟಿ ಕಾರುಗಳ ಮೇಲೆ ಬೀಳುತ್ತಿತ್ತು. ಅವನೇ ಮೊದಲು ಆಯ್ಕೆಯಾಗುತ್ತಾನೆ ಎಂದು ಎಲ್ಲರೂ ಅಂದುಕೊಂಡಿದ್ದರು. ಕೋಚ್ ಹೊಡೆದರು. ಡೊಮಿನಿಕ್ ಮುಖ ತಿರುಗಿಸಿದ. ಇನ್ನೊಂದು ಹೊಡೆದರು. ಮತ್ತೆ ತಿರುಗಿಸಿದ. "ಸಾರಿ, ಕಿಡ್," ಅಂದರು ಕೋಚ್.

ಮುರಳಿಯಣ್ಣ ಬಂದವನೇ, ಗ್ಲೌಸು ಅಡ್ಡ ಬರುತ್ತದೆಂದು ಕಳಚಿ ನೆಲಕ್ಕೆ ಹಾಕಿ, ಬರಿಗೈಯಲ್ಲಿ ನಿಂತ. ಮೊದಲ ಚೆಂಡು ಅಂಗೈಗೆ ಬಡಿದು ಮೂಗಿಗೆ ಹಾರಿತು. ಮೂಗಿನಿಂದ ರಕ್ತ ಬಳಬಳ ಸುರಿದು ಗಲ್ಲದಿಂದ ತೊಟ್ಟಿಕ್ಕಿತು. ಅವನು ಕಣ್ಣು ಮಿಟುಕಿಸಲಿಲ್ಲ. ಎರಡನೆಯದನ್ನು ರಕ್ತದ ಕೈಯಲ್ಲೇ ಹಿಡಿದ.

"ಮಾಂಸ ಯಾವಾಗ ಬೇಕಾದ್ರೂ ಬೆಳೆಯುತ್ತೆ, ಮುಖ ತಿರುಗಿಸೋ ಚಾಳಿ ಮಾತ್ರ ಹೋಗಲ್ಲ. ನಾನೂ ಹೀಗೇ ಆರಿಸ್ತಿದ್ದಿದ್ದು ಅಂತ ಹೇಳೇ ಅವನಿಗೆ," ಎಂದು ತಾತ ನನ್ನನ್ನು ತಿವಿದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕೋಚ್ ತಾತನನ್ನು ಕೊಡೆಯಿಂದ ಚಪ್ಪಲಿಯವರೆಗೆ ನೋಡಿ, ಜೇಬಿನಿಂದ ಒಂದು ಹಿಡಿ ಸೂರ್ಯಕಾಂತಿ ಬೀಜ ತೆಗೆದು ಬೇಲಿಯ ಸಂದಿಯಿಂದ ಕೊಟ್ಟರು. ತಾತ ಪ್ರಸಾದದ ಹಾಗೆ ಬಲಗೈಯಲ್ಲಿ ಈಸಿಕೊಂಡರು.

ಬೀದಿಯವರು ಕೋಚ್‌ಗೆ ಛೀಮಾರಿ ಹಾಕಿದರು. ಬಂಗಾರದಂಥ ಹುಡುಗನನ್ನು ಬಿಟ್ಟು ಕಡ್ಡಿಯಂಥ ಹಿಂದೂವನ್ನು ಆರಿಸಿದ ಇವನಿಗೆ ಕಣ್ಣಿಲ್ಲ ಎಂದರು. ಡೊಮಿನಿಕ್ ರೈಲುಹಳಿಯಾಚೆಯ ತಂಡ ಸೇರಿ ಚೆಂಡನ್ನು ಬೇಲಿಯಾಚೆಗೆ ಅಟ್ಟಿದಾಗಲೆಲ್ಲ, ಆ ಸುದ್ದಿ ನಮ್ಮ ಬೀದಿಗೆ ಬಂದು ಕೋಚ್ ಮುಖಕ್ಕೆ ಬಡಿಯುತ್ತಿತ್ತು. "ಆ ಹುಡುಗ ಬೆದರಿದವನು," ಎಂದಷ್ಟೇ ಕೋಚ್ ಅನ್ನುತ್ತಿದ್ದರು. "ಬೆದರಿದವನ ಪಕ್ಕ ಯಾರನ್ನೂ ನಿಲ್ಲಿಸಬಾರದು."

ನಮ್ಮ ತೊಂದರೆ ಬೇರೆಯದು. ಮುರಳಿಯಣ್ಣ ಚೆನ್ನಾಗಿ ಹೊಡೆಯುತ್ತಿದ್ದ, ಆದರೆ ಬ್ಯಾಟು ಹಿಡಿದುಕೊಂಡೇ ಓಡುತ್ತಿದ್ದ. ಬೇಸ್‌ಬಾಲಿನಲ್ಲಿ ಹೊಡೆದ ತಕ್ಷಣ ಬ್ಯಾಟು ಬಿಸುಟು ಓಡಬೇಕು. ಕ್ರಿಕೆಟ್ಟಿನಲ್ಲಿ ಬ್ಯಾಟು ಬಿಟ್ಟವನು ಕೆಟ್ಟ. ಹಾಗೆಂದು ಅವನಿಗೆ ಬೆನ್ನಿಗೆ ಬಾರಿಸಿ ಬಾರಿಸಿ ಕಲಿಸಿದವರೇ ತಾತ. ಈಗ ಅವರೇ ಅದನ್ನು ಮರೆಸಬೇಕಿತ್ತು. ದಿನಾ ಸಂಜೆ ನಮ್ಮ ಮನೆಯ ಉದ್ದನೆಯ ಹಜಾರದಲ್ಲಿ ನಾನು ಒದ್ದೆ ಕಾಲುಚೀಲದ ಉಂಡೆ ಎಸೆಯುವುದು, ಅಣ್ಣ ಲಟ್ಟಣಿಗೆಯಿಂದ ಹೊಡೆಯುವುದು, ತಾತ "ಬಿಡೋ! ಬಿಟ್ಟು ಓಡೋ ಮುಠ್ಠಾಳ!" ಎಂದು ಕೂಗುವುದು. ಲಟ್ಟಣಿಗೆ ದಢಾರೆಂದು ಬಿದ್ದಾಗ ಕೆಳಗಿನ ಮನೆಯಾಕೆ ಪೊರಕೆಯಿಂದ ತನ್ನ ಸೂರನ್ನು ಕುಟ್ಟುತ್ತಿದ್ದಳು.

"ನನ್ನ ಲಟ್ಟಣಿಗೆ ಮುರೀಲಿ, ನಿನ್ನ ಬೆನ್ನ ಮೇಲೇ ಚಪಾತಿ ಒತ್ತುತೀನಿ," ಎಂದು ಅಮ್ಮ ಅಡುಗೆಮನೆಯಿಂದ.

ಹತ್ತರಲ್ಲಿ ಎಂಟು ಸಲ ಬಿಡುತ್ತಿದ್ದ. ಗಾಬರಿಯಾದರೆ ಮಾತ್ರ ಹಳೆಯ ಕೈ ಹಳೆಯ ಕೆಲಸವನ್ನೇ ಮಾಡುತ್ತಿತ್ತು.

ನೀಲಿ ಅಂಗಿ ಬಂತು. ತಾತ ಗ್ಲೌಸಿಗೆ ಹರಳೆಣ್ಣೆ ತಿಕ್ಕಿ ತಿಕ್ಕಿ ಮೆದು ಮಾಡಿದರು. ಇಡೀ ಮನೆ ಆ ಬೇಸಿಗೆ ಬಾಣಂತಿ ಕೋಣೆಯ ಹಾಗೆ ನಾರುತ್ತಿತ್ತು. ಸಂಜೆ ಅಣ್ಣ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬರುತ್ತಿದ್ದ. ಮೂಲೆ ಅಂಗಡಿಯ ಮುಂದೆ ನಿಂತವರು ನೋಡುತ್ತಿದ್ದರು, ಉಗುಳುತ್ತಿದ್ದರು, ಆದರೆ ಕೈ ಎತ್ತಲಿಲ್ಲ. ಅಪ್ಪ ಮತ್ತೆ ಸಿಳ್ಳೆ ಹಾಕುತ್ತ ಮೆಟ್ಟಿಲು ಹತ್ತತೊಡಗಿದರು.

ಆಗಸ್ಟಿನ ಒಂದು ಶನಿವಾರ ಡೊಮಿನಿಕ್‌ನ ತಂಡದೊಂದಿಗೆ ಪಂದ್ಯ. ಅಮ್ಮ ಫಾಯಿಲಿನಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ಕತ್ತರಿಸಿದ ಹುಲ್ಲು, ಸುಟ್ಟ ಹಾಟ್‌ಡಾಗ್, ನಮ್ಮ ಒಗ್ಗರಣೆ, ಎಲ್ಲ ಸೇರಿ ಒಂದೇ ವಾಸನೆ. ಮೈದಾನದಲ್ಲಿ ಡೊಮಿನಿಕ್ ನಿಂತದ್ದು ಮೊದಲ ಬೇಸಿನ ಮೇಲೆ. ಹೊಡೆದವನು ಮೊದಲು ಓಡಬೇಕಾದದ್ದು ಅಲ್ಲಿಗೇ.

ಅಣ್ಣನ ಮೊದಲ ಸರದಿಯಲ್ಲಿ ಡೊಮಿನಿಕ್ ಚೆಂಡು ಎಸೆಯುವವನಿಗೆ ಸನ್ನೆ ಮಾಡಿದ, ಚೆಂಡು ಸೀದಾ ಪಕ್ಕೆಲುಬಿಗೆ ಬಂತು. ಗೋಣಿಚೀಲಕ್ಕೆ ದೊಣ್ಣೆ ಬಿದ್ದ ಸದ್ದು. ಎರಡನೆಯ ಸರದಿಯಲ್ಲಿ ತೊಡೆಗೆ. ಡೊಮಿನಿಕ್ ಚಪ್ಪಾಳೆ ತಟ್ಟಿ, "ಇವನಿಗೋಸ್ಕರ ನನ್ನನ್ನು ಬಿಟ್ರಾ?" ಎಂದು ಕೋಚ್ ಕಡೆ ಕೂಗಿದ. ಮೂರನೆಯ ಸರದಿಯಲ್ಲಿ ಚೆಂಡು ಅಣ್ಣನ ತಲೆಯ ಕಡೆಗೇ ಬಂತು. ಅವನು ಮುಖ ತಿರುಗಿಸಲಿಲ್ಲ. ಅದನ್ನೇ ಹೊಡೆದ. ಹೊಡೆದು ಓಡಿದ.

ಬ್ಯಾಟು ಕೈಯಲ್ಲೇ ಇತ್ತು.

ನಮ್ಮ ಕಣ್ಣಿಗೆ ಅದು ಮರೆವು. ಡೊಮಿನಿಕ್‌ನ ಕಣ್ಣಿಗೆ, ಎರಡು ಸಲ ಏಟು ಹಾಕಿಸಿದ ತನ್ನ ಮೇಲೆ ದೊಣ್ಣೆ ಎತ್ತಿಕೊಂಡು ನುಗ್ಗಿ ಬರುತ್ತಿರುವ ಶತ್ರು. ಅಣ್ಣ ಬೇಸು ತಲುಪುವ ಮೊದಲೇ ಅವನ ಮುಷ್ಟಿ ಅಣ್ಣನ ಬಾಯಿಗೆ ಬಿತ್ತು. ಅಣ್ಣ ತೂರಾಡಿದ, ತುಟಿ ಹರಿಯಿತು, ಬ್ಯಾಟು ಹಿಡಿದ ಕೈ ತಾನಾಗಿ ಮೇಲೆದ್ದಿತು. "ಡ್ರಾಪ್ ಇಟ್! ಡ್ರಾಪ್ ದ ಬ್ಯಾಟ್!" ಎಂದು ಕೋಚ್, ಅಂಪೈರು, ಇಡೀ ಮೈದಾನ ಕೂಗಿತು. ಅಣ್ಣನ ಕಿವಿಗೆ ಅದೊಂದೂ ಹೋಗಲಿಲ್ಲ. ಆಗ ತಾತ ಬೇಲಿ ಹಿಡಿದು ಅಲುಗಿಸುತ್ತ ಕೂಗಿದರು:

"ಬಿಡೋ ಮುರಳಿ! ಬ್ಯಾಟು ಬಿಡೋ!"

ಅದು ಕೇಳಿಸಿತು. ಹಜಾರದಲ್ಲಿ ಬಿಡುತ್ತಿದ್ದ ಹಾಗೆಯೇ ಬಿಟ್ಟ. ಬ್ಯಾಟು ಉರುಳಿ ಡೊಮಿನಿಕ್‌ನ ಕಾಲ ಬಳಿ ಹೋಯಿತು. ಅವನು ಅದನ್ನು ಎತ್ತಿಕೊಂಡು ಬೀಸಿದ.

ಅಣ್ಣ ಬಲಗೈ ಅಡ್ಡ ತಂದ. ಮೊಣಕೈ ಮುರಿದ ಸದ್ದು ಬೇಲಿಯವರೆಗೆ ಬಂತು. ಕಬ್ಬಿನ ಜಲ್ಲೆ ಮೊಣಕಾಲಿಗೆ ಕೊಟ್ಟು ಮುರಿದ ಹಾಗಿತ್ತು ಎಂದು ತಾತ ಆಮೇಲೊಮ್ಮೆ ಹೇಳಿದರು. ಡೊಮಿನಿಕ್ ಮತ್ತೆ ಬೀಸಿದ, ಬಿದ್ದವನ ಬೆನ್ನಿಗೆ. ಅಷ್ಟರಲ್ಲಿ, ನಮ್ಮ ತಂಡದಲ್ಲಿ ವಿಕೆಟ್‌ಕೀಪರಿನ ಹಾಗೆ ಹಿಂದೆ ನಿಂತು ಚೆಂಡು ಹಿಡಿಯುವ ಹೆಕ್ಟರ್, ತನ್ನ ಕಬ್ಬಿಣದ ಮುಖವಾಡವನ್ನೇ ಕೈಯಲ್ಲಿ ಹಿಡಿದು ಓಡಿ ಬಂದು ಅವನ ದವಡೆಗೆ ಅಪ್ಪಳಿಸಿದ. ನೀಲಿ ಅಂಗಿಗಳೆಲ್ಲ ಒಟ್ಟಿಗೆ ನುಗ್ಗಿದವು. ಅಪ್ಪಂದಿರು ಬೇಲಿ ಹತ್ತಿ ಇಳಿದು ಒಬ್ಬರ ಕತ್ತು ಒಬ್ಬರು ಹಿಡಿದರು. ಬಿಳಿ ಸುಣ್ಣದ ಗೆರೆಯ ಮೇಲೆ ಎರಡು ಹಲ್ಲು ಬಿದ್ದಿದ್ದವು. ನಮ್ಮ ಅಪ್ಪ, ಜಿರಲೆ ಹೊಡೆಯಲೂ ಅಮ್ಮನನ್ನು ಕರೆಯುತ್ತಿದ್ದ ಮನುಷ್ಯ, ಯಾರದೋ ಎದೆಯ ಮೇಲೆ ಕೂತು ಗುದ್ದುತ್ತಿದ್ದರು. ಚಿತ್ರಾನ್ನದ ಪೊಟ್ಟಣದ ಮೇಲೆ ಬೂಟುಗಳು ಓಡಾಡಿದವು.

ಅಂಗಿ ತನ್ನ ಮಾತು ಉಳಿಸಿಕೊಂಡಿತು. ತಡವಾಗಿ.

ಆಸ್ಪತ್ರೆಯಲ್ಲಿ ಅಣ್ಣನ ಮೊಣಕೈಗೆ ಸ್ಕ್ರೂ ಹಾಕಿದರು. ಕೈ ಇನ್ನು ಪೂರ್ತಿ ನೆಟ್ಟಗಾಗುವುದಿಲ್ಲ ಎಂದರು. ಕೋಚ್ ಡೋನಟ್ ಡಬ್ಬಿ ಹಿಡಿದುಕೊಂಡು ಮನೆಗೆ ಬಂದು, ಅಡುಗೆಮನೆಯ ಅದೇ ಕುರ್ಚಿಯಲ್ಲಿ ಕೂತರು. "ಇಬ್ಬರನ್ನೂ ಸರಿಯಾಗಿಯೇ ಅಳೆದಿದ್ದೆ," ಅಂದರು. "ಅದರಿಂದ ಏನುಪಯೋಗವಾಯ್ತು, ಹೇಳಿ."

ತಾತ ಕನ್ನಡದಲ್ಲಿ, "ಬಿಡು ಅಂದವನು ನಾನು," ಅಂದರು. ಅದನ್ನು ನಾನು ಇಂಗ್ಲಿಷಿಗೆ ಮಾಡಲಿಲ್ಲ. ಮಾಡು ಎಂದು ಅವರೂ ಹೇಳಲಿಲ್ಲ.

ಅದೇ ವಾರ ಅಪ್ಪ ಹೊಸದೊಂದು ಬ್ಯಾಟು ತಂದು ಬಾಗಿಲ ಹಿಂದೆ, ಚಪ್ಪಲಿಗಳ ಪಕ್ಕ ನಿಲ್ಲಿಸಿದರು.

"ಯಾರೋ ಆಡೋರು ಇದ್ರಲ್ಲಿ?" ಅಂದರು ತಾತ.

"ಆಡೋಕಲ್ಲ."

"ಬೆದರಿದವನ ಕೈಗೆ ಬ್ಯಾಟು ಸಿಕ್ಕಬಾರದು ಕಣೋ. ಅವತ್ತು ನೋಡಲಿಲ್ವೇನು?"

ಬ್ಯಾಟು ಅಲ್ಲೇ ಉಳಿಯಿತು. ಮುಂದೆ ನಾವು ಮೆಟುಚೆನ್ ಊರಿಗೆ ಮನೆ ಬದಲಾಯಿಸಿದಾಗ ಕುಕ್ಕರು, ದೇವರ ಪೆಟ್ಟಿಗೆಗಳ ಜೊತೆ ಅದೂ ಬಂತು.

ಈಗ ಆ ಬೀದಿಗೆ ಹೋದರೆ ಗುರುತು ಹತ್ತುವುದಿಲ್ಲ. ನೀರಿನಂಚಿಗೆಲ್ಲ ಗಾಜಿನ ಗೋಪುರಗಳೆದ್ದಿವೆ. ಹಣೆಯಲ್ಲಿ ಕುಂಕುಮವಿಟ್ಟ ಅಜ್ಜಿಯರು ರಾತ್ರಿ ಊಟವಾದ ಮೇಲೂ ಆರಾಮಾಗಿ ಅಡ್ಡಾಡುತ್ತಾರೆ. ಸಂತೋಷವೇ. ಆ ಕಾಲವೇ ಚೆಂದ ಎನ್ನುವವರ ಜೊತೆ ನನ್ನ ದನಿ ಸೇರುವುದಿಲ್ಲ. ಆದರೂ ಹರಳೆಣ್ಣೆಯ ವಾಸನೆ ಬಂದರೆ ನಿಂತುಬಿಡುತ್ತೇನೆ. ತಾತನೂ ಇಲ್ಲ, ಅವರು ಆಡುತ್ತಿದ್ದ ಕನ್ನಡ ಆಡುವವರೂ ಮನೆಯಲ್ಲಿ ಇಲ್ಲ. ಅದೆಲ್ಲ ವಯಸ್ಸಿನ ಲೆಕ್ಕಕ್ಕೆ ಹೋಗುವ ನಷ್ಟ, ಎಲ್ಲರಿಗೂ ಆಗುವಂಥದ್ದು. ನಾನು ಹೇಳಲು ಹೊರಟ ನಷ್ಟ ಬೇರೆ. ಅದು ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಅಣ್ಣನ ಕೈ ಮುರಿದ ಮರುವರ್ಷದ ವಸಂತದಲ್ಲಿ ಮತ್ತೆ ಆಯ್ಕೆ ನಡೆಯಿತು. ಎಸೆಯಲು ಆಗದಿದ್ದರೂ ಹಿಡಿಯಬಲ್ಲೆ ಎಂದು ಮುರಳಿಯಣ್ಣ ಹಟ ಹಿಡಿದು ಹೊರಟ. ತಾತ ಕೊಡೆ ಹಿಡಿದು ಬೇಲಿಯ ಆಚೆ, ನಾನು ಪಕ್ಕದಲ್ಲಿ. ಕೋಚ್ ಬ್ಯಾಟು ಎತ್ತಿ, ಎಂದಿಗಿಂತ ಮೆಲ್ಲಗೆ, ಒಂದು ಚೆಂಡು ಹೊಡೆದರು. ಅಣ್ಣ ಮುಖ ತಿರುಗಿಸಿದ. ಇನ್ನೊಂದು ಹೊಡೆದರು. ಇನ್ನೂ ಒಂದು. ಬೇರೆ ಯಾರಿಗೂ ಅಷ್ಟು ಹೊಡೆದವರಲ್ಲ. ಆಮೇಲೆ ಬ್ಯಾಟನ್ನು ನೆಲದ ಮೇಲೆ ಮಲಗಿಸಿದರು. ತಾತ ಗೇಟು ತೆಗೆದು ಒಳಗೆ ಹೋಗಿ ಅಣ್ಣನ ಕೈಯಿಂದ ಗ್ಲೌಸು ಕಳಚಿಕೊಂಡರು.