ಆಷಾಢಕ್ಕೆ ಕಾಯದ ಗಾಳಿ

ಹನಕೆರೆ ಸ್ಟೇಷನ್ನಿನ ಜಟಕಾ ಬಾಬು ಜಾನ್ ಒಂದು ಕೂಗು ಹಾಕಿದರೆ ಮದ್ದೂರಿನಲ್ಲಿ ಮಲಗಿದ್ದ ರೈಲು ಎದ್ದು ಓಡಿಬರುತ್ತಿತ್ತು. ಅವನ ಕುದುರೆಯೋ, ಗಾಳಿ ಬೀಸುವ ದಿನ ಕಟ್ಟಿಹಾಕದಿದ್ದರೆ ಮಳವಳ್ಳಿಯಲ್ಲಿ ಹುಡುಕಬೇಕು, ಅಷ್ಟು ತೂಕ. ಹೆಂಡತಿ ಬಿಬಿ ಜಾನ್ ಕ್ಷಯದಲ್ಲಿ ಹೋದ ಮೇಲೆ ಅವನಿಗೊಂದು ಹುಚ್ಚು ಹಿಡಿಯಿತು. ಸುತ್ತಲ ಹಳ್ಳಿಗಳಲ್ಲಿ ಯಾರು ಕೆಮ್ಮಿದರೂ ಬಾಗಿಲಿಗೆ ಜಟಕಾ ನಿಲ್ಲಿಸಿ, ಬೈದು, ಮೈಸೂರಿನ ಕ್ಷಯದ ಆಸ್ಪತ್ರೆಗೆ ರೈಲು ಹತ್ತಿಸುತ್ತಿದ್ದ. ಯಮನೇ ಕೆಮ್ಮಿದ್ದರೂ ಬಿಡುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಕ್ಷಯಕ್ಕೆ ಇಂಥದೇ ಎನ್ನುವ ಔಷಧಿ ಇರಲಿಲ್ಲ. ಪಕ್ಕೆಗೆ ಸೂಜಿ ಚುಚ್ಚಿ ಎದೆಗೂಡಿಗೆ ಗಾಳಿ ತುಂಬುತ್ತಿದ್ದರು. ಹುಣ್ಣಾದ ಶ್ವಾಸಕೋಶ ಅದರ ಒತ್ತಡಕ್ಕೆ ಮುದುಡಿ ಮಲಗಿ ಮಾಯಬೇಕು. ಗಾಳಿ ಇಂಗುವುದರೊಳಗೆ ಮತ್ತೆ ತುಂಬಬೇಕು. ತಪ್ಪಿದರೆ ಶ್ವಾಸಕೋಶ ಉಬ್ಬಿ ಪಕ್ಕೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಗಾಳಿಗೆ ಜಾಗವೇ ಇಲ್ಲ. ಹನಕೆರೆಯ ಲಿಂಗಯ್ಯನ ಹೊಸ ಹೆಂಡತಿ ಚಿಕ್ಕನಂಜಮ್ಮನನ್ನು ಬಾಬು ಜಾನ್ ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ ತಪ್ಪದೆ ರೈಲಿಗೆ ಕರೆದೊಯ್ಯುತ್ತಿದ್ದ. ಹುಡುಗಿಯ ಕೆನ್ನೆ ತುಂಬತೊಡಗಿತ್ತು.

ಅಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಅತ್ತೆಯ ಜೊತೆ ಇರಬಾರದು. ದುದ್ದದ ತವರಿಗೆ ಹೋದಳು. ಹುಣ್ಣಿಮೆಗೆ ಬಾಬು ಜಾನ್ ಅಲ್ಲಿಗೂ ಜಟಕಾ ಹೊಡೆದ. ಹುಡುಗಿಯ ತಾಯಿ ಪಟ್ಟಲಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಗಂಡನ ಊರಿನ ಗಾಡಿ ಆಸಾಡದಲ್ಲಿ ನಮ್ ಬಾಗ್ಲಿಗೆ ಬರ್ಬೌದೇನಪ್ಪ?”

“ಗಾಡಿ ಊರಾಚೆ ನಿಲ್ಲಿಸ್ತೀನಿ, ಕಳ್ಸಮ್ಮ.”

“ಮಗ್ಳು ದುಂಡಗವ್ಳೆ. ಗಾಳಿ ಎಲ್ಗೋದದು? ಸ್ರಾವಣ ಬರ್ಲಿ ಬುಡು.”

“ಕಾಯ್ಲೆ ಏನು ನಿನ್ ಬೀಗ್ತಿಯೇನಮ್ಮ, ಆಸಾಡ ನೋಡ್ಕೊಂಡು ದೂರ ಇರಕ್ಕೆ?”

ಪಟ್ಟಲಮ್ಮ ಮಜ್ಜಿಗೆ ಕೊಟ್ಟಳು, ಮಗಳನ್ನು ಕೊಡಲಿಲ್ಲ. ಅಮಾವಾಸ್ಯೆಗೂ ಹೋದ, ಅದೇ ಮಜ್ಜಿಗೆ.

ಶ್ರಾವಣದಲ್ಲಿ ಮೈಸೂರಿನ ಡಾಕ್ಟರು ಅಲ್ಲಲ್ಲಿ ಚುಚ್ಚಿ ನೋಡಿ ಸೂಜಿ ಕೆಳಗಿಟ್ಟರು. ಶ್ವಾಸಕೋಶ ಅಂಟಿಹೋಗಿತ್ತು. ರೈಲಿಳಿದ ಲಿಂಗಯ್ಯ ಅಷ್ಟನ್ನು ಹೇಳಿದಾಗ, ಮದ್ದೂರು ಮುಟ್ಟುವ ಬಾಬು ಜಾನನ ಗಂಟಲು ಅವನ ಕುದುರೆಗೂ ಕೇಳಿಸಲಿಲ್ಲ.

ಆದರೂ ಮುಂದಿನ ಹುಣ್ಣಿಮೆಗೆ ಜಟಕಾ ಚಿಕ್ಕನಂಜಮ್ಮನ ಬಾಗಿಲಲ್ಲಿತ್ತು.

“ಇನ್ ಗಾಳಿ ಆಕಕ್ಕಾಗಲ್ಲ ಅಂದ್ರಲ್ಲ, ಬಾಬಣ್ಣ?”

“ಗೊತ್ತು ಕಣವ್ವ. ಒಳ್ಳೆ ಸೀರೆ ಉಟ್ಕೊಂಡ್ ಬಾ.”

ಸ್ಟೇಷನ್ನಿಗೆ ಹೋದರು. ಮೈಸೂರಿನ ರೈಲು ಬಂತು, ಹೋಯಿತು. ಗಾಡಿಯಲ್ಲೇ ಕೂತು ನೋಡಿ ಹಿಂದಿರುಗಿದರು. ಅಮಾವಾಸ್ಯೆಗೂ ಹಾಗೇ. ದಸರೆಯ ಹೊತ್ತಿಗೆ ಅವಳಿಗೆ ಏಳಲಾಗಲಿಲ್ಲ. ಲಿಂಗಯ್ಯನೂ ಅವನೂ ಹಾಸಿಗೆ ಸಮೇತ ಎತ್ತಿ ಗಾಡಿಯಲ್ಲಿಟ್ಟರು. ದೀಪಾವಳಿಯನ್ನು ಅವಳು ಕಾಣಲಿಲ್ಲ.

“ಬರೀ ಆಸಿಗೆ ಎತ್ದಂಗಾಯ್ತು ಕಣಣ್ಣ” ಎಂದು ಬಾಬು ಜಾನ್ ಆಮೇಲೆ ನನ್ನೊಡನೆ ಅಂದ. ಈ ಮಾತಿಗೆ ಮಾತ್ರ ನಾನು ಉಪ್ಪುಖಾರ ಹಚ್ಚಿಲ್ಲ.